ಓದುಗರ ಪ್ರಶ್ನೆಗಳು: ಅಡಿಟಿಪ್ಪಣಿ, ಆಕರಸೂಚಿ ಮತ್ತು ಝೊಟೆರೊ

ಓದಿದ ಪುಸ್ತಕಗಳ ವಿವರವನ್ನು ಒಮ್ಮೆ ತುಂಬಿಟ್ಟರೆ ಅಡಿಟಿಪ್ಪಣಿಯನ್ನೂ ಪಟ್ಟಿಯನ್ನೂ ತಾನೇ ತಯಾರಿಸುವ ಝೊಟೆರೊದಂಥ ತಂತ್ರಾಂಶಗಳಿರುವಾಗ, ಮಹಾಪ್ರಬಂಧದ ಕೊನೆಯಲ್ಲಿ ಬರುವ ಆಕರಗಳ ಪಟ್ಟಿಯನ್ನು ಕೈಯಿಂದ ಟೈಪು ಮಾಡುವ ಕಾಲ ಮುಗಿಯಿತೆಂದು ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ ಬರೆದಿದ್ದೆ. ಅದನ್ನು ಒಪ್ಪಿಯೂ ಒಪ್ಪದೆಯೂ ಹಲವರು ಪತ್ರ ಬರೆದಿದ್ದಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕನ್ನಡದಲ್ಲಿಯೇ ಪ್ರಬಂಧ ಬರೆಯುವವರ ನಿಜವಾದ ತೊಡಕುಗಳಿದ್ದುದರಿಂದ ಈ ಬಾರಿ ಅವಕ್ಕಷ್ಟೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಬಳ್ಳಾರಿ ಜಿಲ್ಲೆಯ ಇತಿಹಾಸದ ಮೇಲೆ ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೇನೆ. ಮೂರು ವರ್ಷಗಳಲ್ಲಿ ಓದಿದ ಸುಮಾರು 400 ಪುಸ್ತಕ ಮತ್ತು ಲೇಖನಗಳ ವಿವರ ಅರ್ಧ ನೋಟ್‌ಬುಕ್ಕಿನಲ್ಲಿದೆ, ಅರ್ಧ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪು ಮಾಡಿದ ಕಡತದಲ್ಲಿದೆ. ಇಷ್ಟು ದೂರ ಬಂದ ಮೇಲೆ ಆಕರಗಳ ತಂತ್ರಾಂಶಕ್ಕೆ ಬದಲಾಗುವುದು ಸರಿಯೇ? ಯಾವುದನ್ನು ಆರಿಸಿಕೊಳ್ಳಲಿ?
— ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬದಲಾಗಿರಿ. ಆದರೆ 400ನ್ನೂ ಒಂದೇ ಸಲಕ್ಕೆ ತುಂಬಲು ಕೂರಬೇಡಿ. ಈಗ ಬರೆಯುತ್ತಿರುವ ಅಧ್ಯಾಯದಲ್ಲಿ ಯಾವ ಆಕರಗಳು ಬರುತ್ತವೆಯೋ ಅವನ್ನು ಮಾತ್ರ ಮೊದಲು ಸೇರಿಸಿ; ಉಳಿದವು ಅಧ್ಯಾಯದ ಜೊತೆಜೊತೆಗೆ ಬಂದು ಸೇರುತ್ತವೆ. ಓದಿದ್ದರಲ್ಲಿ ಎಷ್ಟೋ ಪುಸ್ತಕಗಳು ಕೊನೆಗೆ ಪ್ರಬಂಧದಲ್ಲಿ ಎಲ್ಲಿಯೂ ಬರುವುದಿಲ್ಲವೆಂಬುದು ನಿಮಗೇ ಆಗ ಗೊತ್ತಾಗುತ್ತದೆ.

ಆಯ್ಕೆಯ ಮಾತಿಗೆ ಬಂದರೆ, ಎಂಡ್‌ನೋಟ್‌ಗೆ ಹಣ ಕೊಡಬೇಕು. ಮೆಂಡೆಲಿ ಉಚಿತವಾದರೂ 2013ರಲ್ಲಿ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ವಶಕ್ಕೆ ಹೋಯಿತು, ಹೀಗಾಗಿ ಅದರ ಮುಂದಿನ ದಾರಿಯನ್ನು ತೀರ್ಮಾನಿಸುವವರು ಆ ಸಂಸ್ಥೆಯವರೇ. ಝೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರರ ಕೇಂದ್ರವೊಂದರಿಂದ ಹೊರಬಂದ ಮುಕ್ತ ತಂತ್ರಾಂಶ. ಇತಿಹಾಸದವರು ತಮಗಾಗಿ ಕಟ್ಟಿಕೊಂಡದ್ದಾದ್ದರಿಂದ ಹಸ್ತಪ್ರತಿ, ಪತ್ರ, ಸಂದರ್ಶನ, ನಕ್ಷೆ, ಪತ್ರಿಕಾ ವರದಿ ಎಲ್ಲಕ್ಕೂ ಅದರಲ್ಲಿ ಪ್ರತ್ಯೇಕ ನಮೂನೆಗಳಿವೆ. ನಿಮ್ಮ ಕೆಲಸಕ್ಕೆ ಅದೇ ಹೊಂದುತ್ತದೆ.

ಇನ್ನು ನುಡಿ ಕಡತದ ವಿಷಯ. ಹಳೆಯ ನುಡಿಯಲ್ಲಿ ಟೈಪು ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು ಮಾತ್ರ. ಫಾಂಟ್ ಎಂಬ ವೇಷ ಕಳಚಿದ ಕೂಡಲೇ ನಿಜರೂಪ ಹೊರಬೀಳುತ್ತದೆ. ಝೊಟೆರೊದ ಖಾನೆಗಳಲ್ಲಿ ಈ ವೇಷ ನಡೆಯುವುದಿಲ್ಲ, ಅಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಕನ್ನಡವೇ ಬೇಕು. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಬಳಸಿಕೊಳ್ಳಿ. ಆದರೆ ಬದಲಾದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಸಾಲುಸಾಲಾಗಿ ನೋಡಿರಿ. ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸವನ್ನು ಬಿಡಬೇಕಾಗಿಲ್ಲ, ಏಕೆಂದರೆ ನುಡಿಯ ಹೊಸ ಆವೃತ್ತಿಗಳಲ್ಲಿ ಅದೇ ವಿನ್ಯಾಸದಿಂದ ಯೂನಿಕೋಡ್ ಬರೆಯಬಹುದು.

ಐಎಸ್‌ಬಿಎನ್ ಎಂಬ ಗುರುತಿನ ಸಂಖ್ಯೆ ಕೊಟ್ಟರೆ ಪುಸ್ತಕದ ವಿವರ ತಾನಾಗಿ ಬಂದು ಕೂಡುತ್ತದೆಂದು ಯಾರಾದರೂ ಹೇಳಿರಬಹುದು. ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಅದು ಬಹುಪಾಲು ನಿಜ. ಕನ್ನಡ ಪುಸ್ತಕಗಳಲ್ಲಿ ಅನೇಕವು ಸಿಗುವುದೇ ಇಲ್ಲ. ಸಿಕ್ಕರೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಗ್ರಂಥಾಲಯಗಳ ಸೂಚಿಯಿಂದ ಬರುವುದರಿಂದ ‘ಕರ್ನಾಟಕ’ ಎಂಬ ಪದವೂ ಮೇಲೆ ಗೆರೆ, ಕೆಳಗೆ ಚುಕ್ಕೆ ಹಚ್ಚಿಕೊಂಡ ರೋಮನ್ ಲಿಪಿಯಲ್ಲಿ ಬರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಕನ್ನಡ ಪ್ರಬಂಧದ ಪಟ್ಟಿಯಲ್ಲಿ ಕನ್ನಡ ಪುಸ್ತಕವೇ ಪರದೇಶಿಯಾಗಿ ನಿಲ್ಲುತ್ತದೆ. ಹೀಗಾಗಿ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು, ಹೊದಿಕೆಯನ್ನಲ್ಲ, ಒಳಗಿನ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ನೋಡಿ ನೀವೇ ತುಂಬಬೇಕು. ಒಂದು ಪುಸ್ತಕಕ್ಕೆ ಎರಡು ನಿಮಿಷ ಬೇಕಾಗುತ್ತದೆ. ಮುಂದೆ ಆ ಪುಸ್ತಕವನ್ನು ನೂರು ಸಲ ಉಲ್ಲೇಖಿಸಿದರೂ ಮತ್ತೆ ಬರೆಯುವ ಕೆಲಸವಿಲ್ಲ.

ನಿಮ್ಮ ವಿಷಯದಲ್ಲಿಯೇ ಎದುರಾಗುವ ಒಂದು ಉದಾಹರಣೆ ಕೊಡುತ್ತೇನೆ. ಡಬ್ಲ್ಯು. ಫ್ರಾನ್ಸಿಸ್ ಅವರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಮೊದಲು ಅಚ್ಚಾದದ್ದು 1904ರಲ್ಲಿ. ನೀವು ನೋಡಿದ್ದು ಮರುಮುದ್ರಣವಾಗಿದ್ದರೆ ವರ್ಷದ ಖಾನೆಯಲ್ಲಿ ಮರುಮುದ್ರಣದ ವರ್ಷವನ್ನೇ ಬರೆಯಬೇಕು, ಏಕೆಂದರೆ ಪುಟಸಂಖ್ಯೆ ಆ ಪ್ರತಿಯದು. ಆದರೆ ಅಷ್ಟಕ್ಕೆ ಬಿಟ್ಟರೆ ಮದರಾಸು ಪ್ರಾಂತದ ಕಾಲದ ಅಂಕಿಸಂಖ್ಯೆಗಳು ತೀರಾ ಈಚಿನವು ಎಂಬಂತೆ ಓದುಗರಿಗೆ ಕಾಣುತ್ತವೆ. ಝೊಟೆರೊದಲ್ಲಿ ‘ಎಕ್ಸ್‌ಟ್ರಾ’ ಎಂಬ ಖಾನೆಯೊಂದಿದೆ. ಅಲ್ಲಿ ‘ಒರಿಜಿನಲ್ ಡೇಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕೆಯ ಚಿಹ್ನೆ ಹಾಕಿ, 1904 ಎಂದು ಸೇರಿಸಿದರೆ ಎಪಿಎ (ಅಮೆರಿಕದ ಮನಃಶಾಸ್ತ್ರ ಸಂಘದ್ದು) ಮುಂತಾದ ಆಕರ ಬರೆಯುವ ಶೈಲಿಗಳು ಎರಡೂ ವರ್ಷಗಳನ್ನು ಮುದ್ರಿಸುತ್ತವೆ. ಕೈಯಲ್ಲಿರುವ ಪ್ರತಿ ಮೂಲವೋ ಮರುಮುದ್ರಣವೋ ಎಂಬುದನ್ನು ಮಾತ್ರ ನೀವೇ ನೋಡಿ ಹೇಳಬೇಕು, ಅದು ತಂತ್ರಾಂಶಕ್ಕೆ ತಿಳಿಯುವುದಿಲ್ಲ.

ಪ್ರಶ್ನೆ: ಝೊಟೆರೊ ತಯಾರಿಸಿದ ಪಟ್ಟಿಯಲ್ಲಿ ಲೇಖಕರ ಹೆಸರುಗಳೆಲ್ಲ ಹಿಂದುಮುಂದಾಗಿವೆ. ಕೆಲವರ ಇನಿಷಿಯಲ್ಲೇ ಮನೆತನದ ಹೆಸರಾಗಿದೆ. ಪಂಪನನ್ನು ಎಲ್ಲಿ ಹಾಕಬೇಕೆಂದೂ ತಿಳಿಯುತ್ತಿಲ್ಲ.
— ಕನ್ನಡ ಉಪನ್ಯಾಸಕರು, ಸಿಂಧನೂರು

ಉತ್ತರ: ಕನ್ನಡದವರು ಮೊದಲು ಎಡವುವುದು ಇಲ್ಲಿಯೇ. ಎಲ್ಲ ಮನುಷ್ಯರಿಗೂ ಒಂದು ಸ್ವಂತ ಹೆಸರು ಮತ್ತು ಒಂದು ಮನೆತನದ ಹೆಸರು ಇರುತ್ತದೆಂದು ಈ ತಂತ್ರಾಂಶಗಳು ನಂಬಿವೆ. ನಮ್ಮ ಭಾಗದಲ್ಲಿ ಆ ನಂಬಿಕೆ ಅರ್ಧ ನಿಜ. ಪಾಂಡುರಂಗ ದೇಸಾಯಿ, ಎಂ. ಎಂ. ಕಲಬುರ್ಗಿ ಮೊದಲಾದವರ ಹೆಸರಿನಲ್ಲಿ ಅಡ್ಡಹೆಸರು ಕೊನೆಗೆ ಬರುವುದರಿಂದ ‘ಕಲಬುರ್ಗಿ, ಎಂ. ಎಂ.’ ಎಂದು ಪಟ್ಟಿಯಲ್ಲಿ ಬಂದರೆ ತಪ್ಪಿಲ್ಲ. ಆದರೆ ಎಂ. ಚಿದಾನಂದಮೂರ್ತಿ ಎಂಬಲ್ಲಿ ‘ಎಂ.’ ಎಂಬುದು ಇನಿಷಿಯಲ್, ‘ಚಿದಾನಂದಮೂರ್ತಿ’ ಎಂಬುದು ಅವರ ಸ್ವಂತ ಹೆಸರು. ಇಂಗ್ಲಿಷ್ ಸೂಚಿಗಳಲ್ಲಿ ಅದನ್ನು ‘ಚಿದಾನಂದ’, ‘ಮೂರ್ತಿ’ ಎಂದು ಒಡೆದು ಬರೆದಿದ್ದರೆ ತಂತ್ರಾಂಶವು ಅವರನ್ನು ‘ಮೂರ್ತಿ’ ಎಂಬ ಹೆಸರಿನ ಕೆಳಗೆ ಕೂರಿಸಿಬಿಡುತ್ತದೆ. ನಮ್ಮ ಓದುಗರಲ್ಲಿ ಯಾರೂ ಅವರನ್ನು ಅಲ್ಲಿ ಹುಡುಕಲಾರರು.

ಪರಿಹಾರ ಸರಳವಾಗಿದೆ. ಯಾವ ಪದದ ಕೆಳಗೆ ಓದುಗರು ಹುಡುಕುತ್ತಾರೋ ಆ ಪದವನ್ನು ‘ಲಾಸ್ಟ್ ನೇಮ್’ ಖಾನೆಯಲ್ಲಿ ಬರೆಯಿರಿ, ಅದು ಅಡ್ಡಹೆಸರೇ ಆಗಿರಬೇಕೆಂದಿಲ್ಲ. ಹೀಗಾಗಿ ‘ಚಿದಾನಂದಮೂರ್ತಿ’ ಆ ಖಾನೆಗೆ, ‘ಎಂ.’ ಇನ್ನೊಂದು ಖಾನೆಗೆ. ಪಂಪ, ರನ್ನ, ಬಸವಣ್ಣ, ಕನಕದಾಸ ಮೊದಲಾದವರಿಗೆ ಹೆಸರಿನ ಸಾಲಿನ ಪಕ್ಕದಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿದರೆ ಎರಡು ಖಾನೆಗಳು ಸೇರಿ ಒಂದಾಗುತ್ತವೆ. ಅದರಲ್ಲಿ ಪೂರ್ತಿ ಹೆಸರನ್ನು ಬರೆಯಬಹುದು. ‘ಕರ್ನಾಟಕ ಸರ್ಕಾರ’ದಂತಹ ಸಂಸ್ಥೆಯ ಹೆಸರಿಗೂ ಇದೇ ಮಾರ್ಗ. ಹಾಗೆ ಮಾಡದಿದ್ದರೆ ‘ಸರ್ಕಾರ, ಕರ್ನಾಟಕ’ ಎಂದು ಅಚ್ಚಾಗುತ್ತದೆ, ನಾನು ಅದನ್ನು ಒಪ್ಪಿಗೆ ಪಡೆದ ಪ್ರಬಂಧವೊಂದರಲ್ಲಿಯೇ ನೋಡಿದ್ದೇನೆ.

ಹಳೆಯ ಕೃತಿಗಳಲ್ಲಿ ಸಂಪಾದಕರ ಹೆಸರನ್ನು ಬಿಡಬೇಡಿ. ಪುಟಸಂಖ್ಯೆ ಕವಿಯದಲ್ಲ, ಸಂಪಾದಿತ ಆವೃತ್ತಿಯದು. ಒಂದೇ ಕಾವ್ಯದ ಎರಡು ಆವೃತ್ತಿಗಳನ್ನು ಬಳಸಿದ್ದರೆ ಎರಡು ನಮೂದುಗಳನ್ನು ಮಾಡಿರಿ. ಒಬ್ಬರ ಹೆಸರನ್ನೇ ಎರಡು ಬಗೆಯಲ್ಲಿ, ಒಮ್ಮೆ ಚುಕ್ಕೆಯ ನಂತರ ಜಾಗ ಬಿಟ್ಟು, ಒಮ್ಮೆ ಬಿಡದೆ ಬರೆದರೆ ತಂತ್ರಾಂಶವು ಇಬ್ಬರು ಲೇಖಕರೆಂದು ತಿಳಿಯಬಹುದು. ‘ಹಂಪಿ’, ‘ಹಂಪೆ’ ಎಂಬ ಪ್ರಕಟಣಾಸ್ಥಳದ ಬರವಣಿಗೆಗೂ ಮೊದಲೇ ಒಂದು ರೂಪವನ್ನು ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಮಸ್ಕಿಯ ಅಶೋಕನ ಶಾಸನವನ್ನು ಯಾವ ನಮೂನೆಯಲ್ಲಿ ಸೇರಿಸಬೇಕು? ಲೇಖಕನ ಖಾನೆಯಲ್ಲಿ ಅಶೋಕ ಎಂದು ಬರೆಯಬಹುದೇ?
— ಸ್ನಾತಕೋತ್ತರ ವಿದ್ಯಾರ್ಥಿ, ಲಿಂಗಸುಗೂರು

ಉತ್ತರ: ಪ್ರಶ್ನೆಯನ್ನು ಓದಿ ನಕ್ಕೆ, ಆಮೇಲೆ ಅದು ಒಳ್ಳೆಯ ಪ್ರಶ್ನೆಯೆಂದು ಹೊಳೆಯಿತು. ನೀವು ಬಂಡೆಯ ಮುಂದೆ ನಿಂತು ಬ್ರಾಹ್ಮಿ ಲಿಪಿಯನ್ನು ಓದಿ ಉಲ್ಲೇಖಿಸುತ್ತಿಲ್ಲ. ಒಬ್ಬ ವಿದ್ವಾಂಸರು ಓದಿ ಪ್ರಕಟಿಸಿದ ಪಾಠವನ್ನು ಉಲ್ಲೇಖಿಸುತ್ತಿದ್ದೀರಿ. ಆದ್ದರಿಂದ ನಮೂದು ಆ ಪ್ರಕಟಣೆಯದಾಗಿರಬೇಕು. ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಮೊದಲು ಸಿಕ್ಕಿದ್ದು ಅಲ್ಲಿಯೇ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಅದನ್ನು ಹೊರತಂದರು. ಮುಂದೆ 1925ರಲ್ಲಿ ಹುಲ್ಟ್ಜ್ ಅವರು ಅಶೋಕನ ಶಾಸನಗಳ ಸಂಪುಟದಲ್ಲಿ ಅದನ್ನು ಸೇರಿಸಿದರು. ಇವೆರಡೂ ನಿಮಗೆ ಎರಡು ಪ್ರತ್ಯೇಕ ‘ಬುಕ್’ ನಮೂದುಗಳು. ಯಾರ ಪಾಠವನ್ನು ಬಳಸಿದ್ದೀರೋ ಅವರ ನಮೂದನ್ನೇ ಅಡಿಟಿಪ್ಪಣಿಗೆ ತರಬೇಕು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಶಾಸನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಶಾಸನದ ಸಂಖ್ಯೆ ಮತ್ತು ಸಾಲನ್ನು ನಮೂದಿನಲ್ಲಿ ಬರೆಯದೆ, ಉಲ್ಲೇಖವನ್ನು ಸೇರಿಸುವಾಗ ಪುಟಸಂಖ್ಯೆ ಕೇಳುವ ಜಾಗದಲ್ಲಿ ಬರೆಯಿರಿ. ಇಲ್ಲದಿದ್ದರೆ ಪ್ರತಿ ಸಾಲಿಗೂ ಒಂದು ಹೊಸ ನಮೂದು ಹುಟ್ಟುತ್ತದೆ.

ಪ್ರಶ್ನೆ: ಕಿನ್ನಾಳದ ಕುಶಲಕರ್ಮಿಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ. ಚಿತ್ರಗಾರ ಮನೆತನಗಳ ಹಿರಿಯರ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಎಪಿಎ ಶೈಲಿಯಲ್ಲಿ ಇವು ಆಕರಸೂಚಿಗೆ ಬರುವುದೇ ಇಲ್ಲವೆಂದು ಒಬ್ಬರು ಹೇಳಿದರು. ನನ್ನ ಪ್ರಬಂಧದ ಮುಖ್ಯ ಆಕರವೇ ಇದಾಗಿರುವಾಗ ಹೇಗೆ ಬಿಡಲಿ?
— ಸಂಶೋಧಕಿ, ಕೊಪ್ಪಳ

ಉತ್ತರ: ಅವರು ಹೇಳಿದ್ದು ನಿಜ. ಓದುಗರು ಹುಡುಕಿ ನೋಡಲು ಸಿಗದ ಸಂದರ್ಶನಗಳನ್ನು ಎಪಿಎ ಶೈಲಿ ‘ವೈಯಕ್ತಿಕ ಸಂವಹನ’ ಎಂದು ಬರಹದ ಒಳಗೆ ಮಾತ್ರ ಸೂಚಿಸಲು ಹೇಳುತ್ತದೆ, ಕೊನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಷಿಕಾಗೊ ಶೈಲಿಯಲ್ಲಿಯೂ ಅಪ್ರಕಟಿತ ಸಂದರ್ಶನ ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿಯೇ ನಿಲ್ಲುತ್ತದೆ. ಮನಃಶಾಸ್ತ್ರದವರು ತಮ್ಮ ಪತ್ರಿಕೆಗಳಿಗಾಗಿ ಮಾಡಿಕೊಂಡ ನಿಯಮವನ್ನು ಜಾನಪದ ಅಧ್ಯಯನಕ್ಕೆ ತಂದು ಕಟ್ಟಿದರೆ ಹೀಗೆ ಬಿಗಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೂ ದಾರಿಯಿದೆ. ಝೊಟೆರೊದ ‘ಇಂಟರ್‌ವ್ಯೂ’ ನಮೂನೆಯಲ್ಲಿ ಪ್ರತಿ ಸಂದರ್ಶನವನ್ನೂ ಸೇರಿಸಿರಿ: ಮಾತನಾಡಿದವರು, ಕೇಳಿದವರು, ದಿನಾಂಕ ಮತ್ತು ಮಾಧ್ಯಮ. ಊರಿನ ಹೆಸರನ್ನು ಟಿಪ್ಪಣಿಯಲ್ಲಿ ಬರೆಯಿರಿ. ಧ್ವನಿಕಡತವನ್ನು ಅದೇ ನಮೂದಿಗೆ ಜೋಡಿಸಿ. ಮೊಬೈಲಿನಲ್ಲಿರುವ ‘ರೆಕಾರ್ಡಿಂಗ್ 17’ ಯಾರದೆಂದು ಮೂರು ತಿಂಗಳ ನಂತರ ನಿಮಗೇ ನೆನಪಿರುವುದಿಲ್ಲ. ಈ ನಮೂದುಗಳನ್ನು ಪ್ರತ್ಯೇಕ ಸಂಗ್ರಹವಾಗಿ ಇಟ್ಟುಕೊಂಡು, ಪ್ರಬಂಧದ ಕೊನೆಯಲ್ಲಿ ಆಕರಸೂಚಿಯ ಹೊರಗೆ ‘ವಕ್ತೃಗಳ ಪಟ್ಟಿ’ ಎಂಬ ಅನುಬಂಧವನ್ನು ಕೊಡಿ. ಸಂಗ್ರಹದ ಮೇಲೆ ಬಲಗುಂಡಿ ಒತ್ತಿ ಅದಷ್ಟರದೇ ಪಟ್ಟಿಯನ್ನು ತಂತ್ರಾಂಶದಿಂದ ಪಡೆಯಬಹುದು. ಜಾನಪದ ಪ್ರಬಂಧಗಳಲ್ಲಿ ವಕ್ತೃಗಳ ಪಟ್ಟಿ ಕೊಡುವ ರೂಢಿ ಮೊದಲಿನಿಂದಲೂ ಇರುವುದರಿಂದ ಮಾರ್ಗದರ್ಶಕರು ಆಕ್ಷೇಪಿಸಲಾರರು. ಒಂದು ಎಚ್ಚರಿಕೆಯ ಮಾತು: ಹೆಸರು ಹಾಕಲು ಆ ಹಿರಿಯರ ಒಪ್ಪಿಗೆಯನ್ನು ಮೊದಲೇ ಕೇಳಿ, ಅದೇ ನಮೂದಿನ ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಕನ್ನಡ ಪ್ರಬಂಧದ ನಡುವೆ ‘ಎಟ್ ಆಲ್’, ‘ಪಿಪಿ’, ‘ಐಬಿಡ್’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಕೈಯಿಂದ ತಿದ್ದಿದರೆ ಮತ್ತೆ ಹಾಗೆಯೇ ಆಗುತ್ತದೆ.
— ಅಧ್ಯಾಪಕರು, ಗಂಗಾವತಿ

ಉತ್ತರ: ಕೈಯಿಂದ ತಿದ್ದಬೇಡಿ, ಪಟ್ಟಿಯನ್ನು ಹೊಸದಾಗಿಸಿದಾಗಲೆಲ್ಲ ತಂತ್ರಾಂಶ ನಿಮ್ಮ ತಿದ್ದುಪಡಿಯನ್ನು ಅಳಿಸುತ್ತದೆ. ಈ ಪದಗಳು ಬರುವುದು ಶೈಲಿಯ ಕಡತದಿಂದ. ಸಿಎಸ್‌ಎಲ್ ಎಂಬ ಭಾಷೆಯಲ್ಲಿ ಬರೆದ ಆ ಕಡತವನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿಯೂ ತೆರೆಯಬಹುದು. ಅದರಲ್ಲಿ ‘ಲೊಕೇಲ್’ ಎಂಬ ಭಾಗವನ್ನು ಸೇರಿಸಿ ‘ಮತ್ತು ಇತರರು’, ‘ಪು.’, ‘ಸಂ.’ (ಸಂಪಾದಕರು), ‘ಅದೇ’ ಎಂದು ನಿಮ್ಮ ಪದಗಳನ್ನು ಬರೆದರೆ ಮುಂದೆ ಅವೇ ಬರುತ್ತವೆ. ತಿದ್ದಿದ ಶೈಲಿಗೆ ಹೊಸ ಹೆಸರನ್ನೂ ಹೊಸ ಗುರುತನ್ನೂ ಕೊಡಲು ಮರೆಯಬೇಡಿ, ಇಲ್ಲವಾದರೆ ಮೂಲ ಶೈಲಿ ನವೀಕರಣವಾದ ದಿನ ನಿಮ್ಮದು ಮಾಯವಾಗುತ್ತದೆ. ಕಾಲೇಜಿನಲ್ಲಿ ಗಣಕವಿಜ್ಞಾನದ ಸಹೋದ್ಯೋಗಿಗಳಿದ್ದರೆ ಅವರಿಗೆ ಇದು ಒಂದು ಸಂಜೆಯ ಕೆಲಸ.

ಇದರಿಂದ ಹೊಸ ತೊಂದರೆಯೊಂದು ಹುಟ್ಟುತ್ತದೆ. ಒಂದು ದಸ್ತಾವೇಜಿಗೆ ಒಂದೇ ಭಾಷೆಯ ಪದಗಳು ಅನ್ವಯವಾಗುವುದರಿಂದ ಇಂಗ್ಲಿಷ್ ಪುಸ್ತಕದ ನಮೂದಿನಲ್ಲಿಯೂ ‘ಸಂ.’ ಎಂದೇ ಬರುತ್ತದೆ. ಕನ್ನಡ ಪ್ರಬಂಧದಲ್ಲಿ ಅದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳು ಮೊದಲು ಬಂದು ಕನ್ನಡದವು ಹಿಂದೆ ಬೀಳುವುದನ್ನು ಮಾತ್ರ ಸರಿಪಡಿಸಲೇಬೇಕು. ಎಲ್ಲ ಮುಗಿದ ಮೇಲೆ ಕಡತದ ಪ್ರತಿಯೊಂದನ್ನು ಮಾಡಿ, ಆ ಪ್ರತಿಯಲ್ಲಿ ಝೊಟೆರೊದ ಕೊಂಡಿಗಳನ್ನು ಬಿಡಿಸಿ, ಕನ್ನಡದ ಭಾಗವನ್ನು ಮೇಲಕ್ಕೆ ಸರಿಸಿರಿ.

ಪ್ರಶ್ನೆ: ಒಂದು ನಿಯತಕಾಲಿಕವು ನಮ್ಮ ಹತ್ತಿ ಬೆಳೆಯ ಲೇಖನವನ್ನು ಹಿಂದಿರುಗಿಸಿತು. ಇನ್ನೊಂದಕ್ಕೆ ಕಳುಹಿಸಬೇಕಾದರೆ 60 ಆಕರಗಳನ್ನು ಬೇರೆ ಶೈಲಿಗೆ ಬದಲಿಸಬೇಕು.
— ಕೃಷಿ ಸಂಶೋಧನಾ ವಿದ್ಯಾರ್ಥಿ, ರಾಯಚೂರು

ಉತ್ತರ: ವರ್ಡ್‌ನಲ್ಲಿ ಝೊಟೆರೊದ ‘ಡಾಕ್ಯುಮೆಂಟ್ ಪ್ರೆಫರೆನ್ಸಸ್’ ತೆರೆದು ಹೊಸ ಶೈಲಿಯನ್ನು ಆರಿಸಿದರೆ ಕೆಲಸ ಮುಗಿಯಿತು. ನಿಯತಕಾಲಿಕಗಳ ಸಂಕ್ಷಿಪ್ತ ಹೆಸರುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿರಿ. ತಂತ್ರಾಂಶವು ವೈದ್ಯಕೀಯ ಸೂಚಿಯಾದ ಮೆಡ್‌ಲೈನ್‌ನ ಸಂಕ್ಷೇಪಗಳನ್ನು ಬಳಸಬಲ್ಲದು, ಆದರೆ ನಮ್ಮ ಕೃಷಿ ನಿಯತಕಾಲಿಕಗಳಲ್ಲಿ ಹಲವು ಆ ಸೂಚಿಯಲ್ಲಿಲ್ಲ. ಅಂಥವುಗಳ ಸಂಕ್ಷೇಪವನ್ನು ಆಯಾ ನಮೂದಿನಲ್ಲಿ ನೀವೇ ಬರೆದಿರಬೇಕು.

ಪ್ರಶ್ನೆ: ಎರಡು ಅಧ್ಯಾಯಗಳನ್ನು ಡಿಟಿಪಿ ಅಂಗಡಿಯಲ್ಲಿ ಪುಟವಿನ್ಯಾಸಕ್ಕೆ ಕೊಟ್ಟಿದ್ದೆ. ಹಿಂದಿರುಗಿ ಬಂದ ಕಡತದಲ್ಲಿ ಝೊಟೆರೊ ಒಂದು ಉಲ್ಲೇಖವನ್ನೂ ಗುರುತಿಸುತ್ತಿಲ್ಲ. ಲ್ಯಾಪ್‌ಟಾಪೂ ಈಗ ಆಗಾಗ ನಿಲ್ಲುತ್ತಿದೆ.
— ಸಂಶೋಧಕ, ಸಿರುಗುಪ್ಪ

ಉತ್ತರ: ವರ್ಡ್ ಕಡತದಲ್ಲಿ ಪ್ರತಿ ಉಲ್ಲೇಖದ ಹಿಂದೆಯೂ ಕಾಣದ ಒಂದು ಸಂಕೇತವಿರುತ್ತದೆ. ಪಠ್ಯವನ್ನು ಪೇಜ್‌ಮೇಕರಿಗೋ ಬೇರೆ ಫಾಂಟಿಗೋ ಒಯ್ದರೆ ಮೇಲಿನ ಅಕ್ಷರ ಉಳಿದು ಒಳಗಿನ ಸಂಕೇತ ಸಾಯುತ್ತದೆ. ಅದನ್ನು ಮರಳಿ ಪಡೆಯಲಾಗದು. ನಿಮ್ಮ ಹಳೆಯ ವರ್ಡ್ ಪ್ರತಿ ಉಳಿದಿದ್ದರೆ ಅದರಲ್ಲಿಯೇ ಮುಂದುವರಿಯಿರಿ, ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ. ಲಿಬ್ರೆಆಫೀಸಿನಿಂದ ವರ್ಡಿಗೆ ಅಥವಾ ವರ್ಡಿನಿಂದ ಗೂಗಲ್ ಡಾಕ್ಸಿಗೆ ಹೋಗುವುದಾದರೆ ಝೊಟೆರೊದಲ್ಲಿಯೇ ಅದಕ್ಕೊಂದು ಆಜ್ಞೆಯಿದೆ. ನೇರವಾಗಿ ಕಡತವನ್ನು ತೆರೆದು ಉಳಿಸಬೇಡಿ.

ಲ್ಯಾಪ್‌ಟಾಪ್ ನಿಲ್ಲುತ್ತಿದ್ದರೆ ಇಂದೇ ಪ್ರತಿ ಮಾಡಿಟ್ಟುಕೊಳ್ಳಿ. ಝೊಟೆರೊವನ್ನು ಮುಚ್ಚಿ, ನಿಮ್ಮ ಬಳಕೆದಾರರ ಫೋಲ್ಡರಿನಲ್ಲಿರುವ ‘ಝೊಟೆರೊ’ ಎಂಬ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲಿಸಿರಿ. ಆ ಫೋಲ್ಡರನ್ನೇ ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸಿನ ಒಳಗೆ ಇಟ್ಟು ಬಳಸುವುದು ಬೇಡ, ದತ್ತಸಂಚಯ ಕೆಡುತ್ತದೆ. ಝೊಟೆರೊದ್ದೇ ಆದ ಉಚಿತ ಖಾತೆ ತೆರೆದರೆ ನಮೂದುಗಳೆಲ್ಲ ಅದರ ಸರ್ವರಿನಲ್ಲಿ ಉಳಿಯುತ್ತವೆ. ಉಚಿತ ಜಾಗ 300 ಎಂಬಿ, ಅದು ಪಿಡಿಎಫ್ ಮುಂತಾದ ಕಡತಗಳಿಗೆ ಮಾತ್ರ ಲೆಕ್ಕ. ನಮೂದುಗಳಿಗೆ ಮಿತಿಯಿಲ್ಲ. ನಾನು ಓದುತ್ತಿದ್ದಾಗ ಬೂಟಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದ ಚೀಟಿಗಳನ್ನು ಒಂದು ಮಳೆಗಾಲದಲ್ಲಿ ಗೆದ್ದಲು ತಿಂದಿತು, ಅವಕ್ಕೆ ಎರಡನೆಯ ಪ್ರತಿ ಇರಲಿಲ್ಲ.

ಪ್ರಶ್ನೆ: ಈ ತಂತ್ರಾಂಶ ಬಳಸಿದರೆ ಕೃತಿಚೌರ್ಯದ ಶೇಕಡಾವಾರು ಕಡಿಮೆಯಾಗುತ್ತದೆಯೇ? ಚಾಟ್‌ಬಾಟ್ ಕೊಟ್ಟ ಆಕರಗಳನ್ನು ಇದಕ್ಕೆ ನೇರವಾಗಿ ಸೇರಿಸಬಹುದೇ?
— ವಿದ್ಯಾರ್ಥಿಗಳು, ಬಳ್ಳಾರಿ ಮತ್ತು ಮಾನ್ವಿ

ಉತ್ತರ: ಮೊದಲನೆಯದಕ್ಕೆ: ತಾನಾಗಿ ಕಡಿಮೆಯಾಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆಕರಸೂಚಿಯನ್ನೂ, ಮೂಲವನ್ನು ಸೂಚಿಸಿ ಉದ್ಧರಿಸಿದ ಭಾಗವನ್ನೂ ಈ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಇದರಲ್ಲಿ ತಂತ್ರಾಂಶದ ಪಾಲು ಇಷ್ಟೇ: ಮೂಲವನ್ನು ಸೂಚಿಸುವ ಕೆಲಸ ಸುಲಭವಾಗುವುದರಿಂದ ಸೂಚಿಸದೆ ಬಿಡಲು ನೆಪ ಉಳಿಯುವುದಿಲ್ಲ. ಉದ್ಧರಣ ಚಿಹ್ನೆಯಿಲ್ಲದೆ ಇನ್ನೊಬ್ಬರ ಪುಟವನ್ನು ಇಳಿಸಿಕೊಂಡು ಕೊನೆಗೊಂದು ಅಡಿಟಿಪ್ಪಣಿ ಹಚ್ಚಿದರೆ ಅದು ಉದ್ಧರಣವಾಗುವುದಿಲ್ಲ.

ಎರಡನೆಯದಕ್ಕೆ: ಬೇಡ. ಚಾಟ್‌ಬಾಟುಗಳು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಲೇಖನವನ್ನು ಹಚ್ಚಿ ಕೊಡುವುದುಂಟು. ಒಮ್ಮೆ ಝೊಟೆರೊದ ಒಳಗೆ ಹೋದ ಮೇಲೆ ಸುಳ್ಳು ನಮೂದು ನಿಜವಾದದ್ದರಷ್ಟೇ ಅಚ್ಚುಕಟ್ಟಾಗಿ ಅಚ್ಚಾಗುತ್ತದೆ. ಪರೀಕ್ಷಿಸುವ ಕ್ರಮ ಹೀಗಿದೆ: ಲೇಖನಗಳಿಗೆ ಕೊಡುವ ಡಿಒಐ ಎಂಬ ಗುರುತಿನ ಸಂಖ್ಯೆಯನ್ನು (10 ಎಂಬ ಅಂಕಿ ಮತ್ತು ಚುಕ್ಕೆಯಿಂದ ಅದು ಶುರುವಾಗುತ್ತದೆ) ಮಾತ್ರ ಝೊಟೆರೊದ ಮಂತ್ರದಂಡದ ಚಿತ್ರವಿರುವ ಗುಂಡಿಗೆ ಕೊಡಿ, ವಿವರವನ್ನು ಅದು ತಾನೇ ತರಲಿ. ಏನೂ ಬರದಿದ್ದರೆ ಅಥವಾ ಬೇರೆಯದೇ ಲೇಖನ ಬಂದರೆ ಅನುಮಾನಿಸಿರಿ. ಸರಿಯಾದದ್ದು ಬಂದರೂ ಲೇಖನವನ್ನು ತೆರೆದು ಓದಿರಿ. ಪ್ರಕಟವಾದ ಮೇಲೆ ಹಿಂಪಡೆದ ಲೇಖನವಾಗಿದ್ದರೆ ಝೊಟೆರೊ ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ. 2019ರಿಂದ ಈ ಸೌಲಭ್ಯವಿದೆ. ಆದರೆ ಅದು ಡಿಒಐ ಇರುವ ಲೇಖನಗಳ ಮಾತು. ಚಾಟ್‌ಬಾಟ್ ಹೇಳಿದ್ದು ಕನ್ನಡ ಪುಸ್ತಕವಾಗಿದ್ದರೆ ಗ್ರಂಥಾಲಯಕ್ಕೆ ಹೋಗಿ, ಕಪಾಟಿನಿಂದ ಪುಸ್ತಕವನ್ನು ತೆಗೆಸಿ, ಆ ಪುಟದಲ್ಲಿ ಆ ಮಾತು ಇದೆಯೇ ಎಂದು ನೋಡಿದ ಮೇಲೆಯೇ ನಮೂದು ಮಾಡಿರಿ.